ಫ್ರೋಜನ್ ಸೆಕ್ಷನ್: ಬ್ಲಾಕ್ ಚಕ್‌ನಿಂದ ಕಿತ್ತು ಬರುವುದೇಕೆ, ಪೀಸ್ ಹೇಗೆ ಕೂರಿಸಬೇಕು?

ಪ್ರಶ್ನೆ: ನಾನು ಕರಾವಳಿಯ ಒಂದು ಆಸ್ಪತ್ರೆಯ ಹಿಸ್ಟೋಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಪ್ಯಾರಾಫಿನ್ ಬ್ಲಾಕ್ ಕೆಲಸ 4 ವರ್ಷದಿಂದ ಮಾಡುತ್ತಿದ್ದೇನೆ. 6 ತಿಂಗಳಿಂದ ಫ್ರೋಜನ್ ಕೆಲಸವೂ ನನ್ನ ಪಾಲಿಗೆ ಬಂದಿದೆ. ಕ್ರಯೋಸ್ಟಾಟ್‌ನಲ್ಲಿ ಕತ್ತರಿಸುವಾಗ ಬ್ಲಾಕ್ ಇಡಿಯಾಗಿ ಚಕ್‌ನಿಂದ ಕಿತ್ತು ಬರುತ್ತದೆ. ಮಳೆಗಾಲ ಶುರುವಾದ ಮೇಲೆ ಇದು ಜಾಸ್ತಿ. ಕೆಲವು ಸೆಕ್ಷನ್‌ಗಳಲ್ಲಿ ತೂತು ತೂತು. ಕೊಬ್ಬು ಇರುವ ಪೀಸ್ ಅಂತೂ ಕೈಗೇ ಸಿಗುವುದಿಲ್ಲ. ಪೀಸ್ ಇಟ್ಟ ದಿಕ್ಕು ಸರಿಯಿಲ್ಲ ಎಂದು ಡಾಕ್ಟರ್ ಎರಡು ಸಲ ಹೇಳಿದರು. ಬ್ಲೇಡ್ ಬದಲಾಯಿಸಿದೆ, ಟೆಂಪರೇಚರ್ ಏರಿಸಿ ಇಳಿಸಿ ನೋಡಿದೆ. ಪೀಸ್ ಕೂರಿಸುವ ಸರಿಯಾದ ಕ್ರಮ ಯಾವುದು ಮೇಡಂ? ಉಳಿದ ಬ್ಲಾಕ್ ಏನು ಮಾಡಬೇಕು ಎಂಬುದನ್ನೂ ಹೇಳಿ.

ಉತ್ತರ: ಬ್ಲೇಡ್, ಟೆಂಪರೇಚರ್ ಎರಡನ್ನೂ ಸ್ವಲ್ಪ ಹೊತ್ತು ಮರೆತುಬಿಡಿ. ನೀವು ಬರೆದಿರುವ ನಾಲ್ಕು ತೊಂದರೆಗಳೂ ಹೆಚ್ಚಾಗಿ ಹುಟ್ಟುವುದು ಬ್ಲೇಡ್ ತಗಲುವ ಮೊದಲೇ. ಪೀಸ್ ಚಕ್ ಮೇಲೆ ಕೂತು ಗಟ್ಟಿಯಾಗುವ ಆ ಒಂದೆರಡು ನಿಮಿಷದಲ್ಲಿ. ನಾನು ಈ ಕೆಲಸಕ್ಕೆ ಬಂದು 26 ವರ್ಷ ಆಯಿತು. ಹೊಸಬರು ಕಲಿಯಲು ಬಂದರೆ ಮೊದಲ ವಾರ ಅವರ ಕೈಗೆ ಕ್ರಯೋಸ್ಟಾಟ್‌ನ ಚಕ್ರ ಕೊಡುವುದಿಲ್ಲ. ಬರೀ ಪೀಸ್ ಕೂರಿಸಲು ಹೇಳುತ್ತೇನೆ. ಕೂರಿಸಿದ್ದನ್ನು ಅವರೇ ಮಧ್ಯಕ್ಕೆ ಸೀಳಿ, ಒಳಗೆ ಏನಾಗಿದೆ ಎಂದು ನೋಡಬೇಕು. ಅಷ್ಟರಲ್ಲಿ ಅರ್ಧ ಕೆಲಸ ಕಲಿತಿರುತ್ತಾರೆ.

ಲ್ಯಾಬ್‌ನ ಹೊರಗಿನವರೂ ಇದನ್ನು ಓದಬಹುದು. ಅವರಿಗಾಗಿ ಎರಡು ಮಾತು. ಫ್ರೋಜನ್ ಎಂದರೆ ರೋಗಿ ಇನ್ನೂ ಓಟಿಯಲ್ಲಿ ಅರಿವಳಿಕೆಯಲ್ಲಿ ಮಲಗಿರುವಾಗಲೇ ಮಾಡುವ ಪರೀಕ್ಷೆ. ಗಂಟು ಕ್ಯಾನ್ಸರ್ ಹೌದೋ ಅಲ್ಲವೋ, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಎಂದು ಸರ್ಜನ್‌ಗೆ ಆಗಲೇ ಗೊತ್ತಾಗಬೇಕು. ಟಿಶ್ಯೂವನ್ನು ಮೇಣದಲ್ಲಿ ಕೂರಿಸುವ ಪ್ಯಾರಾಫಿನ್ ದಾರಿ ಹಿಡಿದರೆ ಉತ್ತರ ಬರುವುದು ಸಾಮಾನ್ಯವಾಗಿ ಮರುದಿನ ಇಲ್ಲವೇ ಅದರ ಮರುದಿನ. ಹಾಗಾಗಿ ಟಿಶ್ಯೂವನ್ನು ಮೇಣದ ಬದಲು ಚಳಿಯಿಂದ ಗಟ್ಟಿ ಮಾಡಿ ತೆಳ್ಳಗೆ ಕತ್ತರಿಸುತ್ತೇವೆ. ಹಾಗೆ ಕತ್ತರಿಸುವ ತಣ್ಣನೆಯ ಪೆಟ್ಟಿಗೆಯಂಥ ಯಂತ್ರ ಕ್ರಯೋಸ್ಟಾಟ್, ಅದರಲ್ಲಿ ಪೀಸ್ ಕೂರಿಸುವ ಲೋಹದ ಪೀಠ ಚಕ್, ಕತ್ತರಿಸಿ ಸಿಗುವ ತೆಳು ಪದರ ಸೆಕ್ಷನ್. ಒಂದು ಬ್ಲಾಕ್‌ನ ಉತ್ತರ 20 ನಿಮಿಷದಲ್ಲಿ ಹೋಗಬೇಕು ಎಂಬುದು ಕಾಲೇಜ್ ಆಫ್ ಅಮೆರಿಕನ್ ಪೆಥಾಲಜಿಸ್ಟ್ಸ್ ಇಟ್ಟ ಗುರಿ. ನಾವೂ ಅದನ್ನೇ ಹಿಡಿದಿದ್ದೇವೆ. ಆ 20 ನಿಮಿಷದಲ್ಲಿ ಒಂದು ಸಲ ಬ್ಲಾಕ್ ಕಿತ್ತು ಬಂದರೆ ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ ಇದೆ.

ಈಗ ಕಿತ್ತು ಬರುವ ಬ್ಲಾಕ್ ವಿಷಯ. ಮಳೆಗಾಲದಲ್ಲಿ ಜಾಸ್ತಿ ಎಂದು ಬರೆದಿದ್ದೀರಿ. ಆ ಒಂದು ಮಾತಿನಲ್ಲೇ ಕಾರಣ ಸಿಕ್ಕಿತು. ನಿಮ್ಮ ಚಕ್‌ಗಳು ಕ್ರಯೋಸ್ಟಾಟ್ ಒಳಗೇ ಇರುತ್ತವೆ, ಅಲ್ವಾ? ಓಟಿಯಿಂದ ಪೀಸ್ ಬಂದ ಕೂಡಲೇ ತಣ್ಣನೆಯ ಚಕ್ ಒಂದನ್ನು ಹೊರಗೆ ತೆಗೆದು, ಸ್ಪೆಸಿಮನ್ ನೋಡಿ ಪೀಸ್ ಆರಿಸುವ ಗ್ರಾಸಿಂಗ್ ಟೇಬಲ್ ಮೇಲಿಟ್ಟು, ಪೀಸ್ ಹಿಡಿಸುವ ಗೋಂದು ಓಸಿಟಿ ಹಾಕಿ, ಮತ್ತೆ ಒಳಗಿಡುತ್ತೀರಿ. ಮೈನಸ್ 20 ಡಿಗ್ರಿಯ ಲೋಹ ಜುಲೈ ತಿಂಗಳ ಕರಾವಳಿಯ ಗಾಳಿಗೆ ಬಂದರೆ ಏನಾಗುತ್ತದೆ? ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟ ಬೆವರುವ ಹಾಗೆ ಅದೂ ಬೆವರುತ್ತದೆ. ಆದರೆ ಇಲ್ಲಿ ಆ ಬೆವರು ಅಲ್ಲಲ್ಲೇ ಹೆಪ್ಪುಗಟ್ಟಿ ಬಿಳಿ ಪುಡಿಯ ಪದರವಾಗುತ್ತದೆ. ಅದರ ಮೇಲೆ ಓಸಿಟಿ ಹಾಕಿದರೆ ಅದು ಹಿಡಿಯುವುದು ಆ ಪುಡಿಯನ್ನು. ಲೋಹದ ಹಿಡಿತ ಅದಕ್ಕೆ ಸಿಕ್ಕಿಯೇ ಇರುವುದಿಲ್ಲ. ಬ್ಲೇಡ್ ತಗಲಿದ ಕೂಡಲೇ ಟಪ್ ಎಂದು ಏಳುತ್ತದೆ.

ಇದಕ್ಕೆ ಎರಡು ದಾರಿ. ಚಕ್‌ಗಳನ್ನು ಹೊರಗೆ, ಒಣಗಿದ ಡಬ್ಬಿಯಲ್ಲಿ, ಕೋಣೆಯ ಬಿಸಿಯಲ್ಲೇ ಇಡಿ. ಓಸಿಟಿ ಹಾಕಿದ ಮೇಲೆ ಕ್ರಯೋಸ್ಟಾಟ್‌ನ ಫ್ರೀಜಿಂಗ್ ಶೆಲ್ಫ್‌ಗೆ ಒಯ್ಯಿರಿ. ಇಲ್ಲವೇ ತಣ್ಣನೆಯ ಚಕ್ ಬಳಸುವುದಾದರೆ ಅದನ್ನು ಹೊರಗೆ ತರಲೇಬೇಡಿ. ಓಸಿಟಿಯನ್ನೂ ಪೀಸನ್ನೂ ಒಳಗೇ ಹಾಕಿ. ನನಗೆ ಮೊದಲನೆಯದು ಇಷ್ಟ. ಓಸಿಟಿ ಚಕ್‌ನ ಗೆರೆಗಳ ಒಳಕ್ಕೆ ಇಳಿಯಲು ಸ್ವಲ್ಪ ಹೊತ್ತು ಸಿಗುತ್ತದೆ. ಆ ಗೆರೆಗಳು ಇರುವುದೇ ಹಿಡಿತಕ್ಕೆ. ಹಳೆಯ ಓಸಿಟಿ ಅಲ್ಲಿ ಒಣಗಿ ಕೂತಿದ್ದರೆ ಹೊಸದಕ್ಕೆ ಜಾಗವೇ ಇಲ್ಲ. ಬಿಸಿನೀರಿಗೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ.

ಇನ್ನೊಂದು ಕಾರಣ ಸ್ಪಿರಿಟ್. ಚಕ್ ಅನ್ನು ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗುವ ಮೊದಲೇ ಬಳಸಿದರೆ ಆ ತೆಳು ಪದರ ಮೈನಸ್ 20ರಲ್ಲೂ ಗಟ್ಟಿಯಾಗುವುದಿಲ್ಲ. ಎಣ್ಣೆ ಸವರಿದ ಹೆಂಚಿನ ಮೇಲಿನ ದೋಸೆಯ ಹಾಗೆ ಬ್ಲಾಕ್ ಜಾರಿ ಬರುತ್ತದೆ. ಒಂದು ಫ್ರೋಜನ್ ಮುಗಿಸಿ ಇನ್ನೊಂದಕ್ಕೆ ಓಡುವಾಗ ಈ ತಪ್ಪು ಸುಲಭವಾಗಿ ಆಗುತ್ತದೆ.

ಕಿತ್ತು ಬಂದೇ ಬಿಟ್ಟಿತು ಎಂದುಕೊಳ್ಳಿ. ಗಾಬರಿಯಲ್ಲಿ ಬ್ಲಾಕ್ ಕರಗಿಸಬೇಡಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಟಿಶ್ಯೂ ಮೊದಲಿನ ಹಾಗೆ ಇರುವುದಿಲ್ಲ. ತಣ್ಣನೆಯ ಫಾರ್ಸೆಪ್ಸ್‌ನಿಂದ ಅದನ್ನು ಕ್ರಯೋಸ್ಟಾಟ್ ಒಳಗೇ ಹಿಡಿದುಕೊಳ್ಳಿ. ಒಣಗಿದ ಚಕ್ ಮೇಲೆ ಹೊಸ ಓಸಿಟಿಯ ತೆಳು ಪದರ ಹಾಕಿ, ಕತ್ತರಿಸಿದ ಮುಖ ಮೇಲೆ ಬರುವಂತೆ ಬ್ಲಾಕ್ ಇಟ್ಟು, ಹೀಟ್ ಎಕ್ಸ್‌ಟ್ರಾಕ್ಟರ್ ಎಂಬ ತಣ್ಣನೆಯ ಲೋಹದ ಬಿಲ್ಲೆಯನ್ನು ಹಗುರವಾಗಿ ಇಳಿಸಿ. ಮುಖ ಚಕ್‌ಗೆ ಸಮವಾಗಿ ಕೂತರೆ ಮುಖ ಸಮ ಮಾಡುವ ಒಂದೆರಡು ಟ್ರಿಮ್‌ನಲ್ಲೇ ಮತ್ತೆ ಸೆಕ್ಷನ್ ಸಿಗುತ್ತದೆ.

ತೂತುಗಳ ವಿಷಯಕ್ಕೆ ಬರೋಣ. ಮನೆಯ ಫ್ರೀಜರ್‌ನಲ್ಲಿ ಮಾವಿನ ರಸ ಇಟ್ಟು ನೋಡಿದ್ದೀರಾ? ನಿಧಾನವಾಗಿ ಗಟ್ಟಿಯಾಗುತ್ತದೆ. ಒಡೆದು ನೋಡಿದರೆ ಸೂಜಿ ಸೂಜಿಯಂಥ ಐಸ್. ಟಿಶ್ಯೂ ಒಳಗೂ ಅದೇ ನಡೆಯುತ್ತದೆ. ನೀರು ಐಸ್ ಆಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳುಗಳು ದೊಡ್ಡದಾಗಿ ಬೆಳೆದು ಕೋಶಗಳನ್ನು ಪಕ್ಕಕ್ಕೆ ದಬ್ಬುತ್ತವೆ. ಸ್ಲೈಡ್ ಮೇಲೆ ಐಸ್ ಕರಗಿದಾಗ ಆ ಜಾಗ ಖಾಲಿ ಉಳಿಯುತ್ತದೆ. ಅದೇ ನಿಮ್ಮ ತೂತು. ಬೇಗ ಹೆಪ್ಪುಗಟ್ಟಿದರೆ ಹರಳುಗಳು ಬಹಳ ಚಿಕ್ಕವು, ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಎರಡು ಕೆಲಸ. ನೀರು ಕಡಿಮೆ ಇರಬೇಕು, ಚಳಿ ಬೇಗ ಹತ್ತಬೇಕು. ಓಟಿಯಿಂದ ಪೀಸ್ ಸಲೈನ್‌ನಲ್ಲಿ ತೇಲುತ್ತಾ ಬರುತ್ತಿದ್ದರೆ ಮೊದಲು ಅಲ್ಲಿ ಹೋಗಿ ಮಾತಾಡಿ. ಓಟಿ ಸಿಸ್ಟರ್‌ಗೆ ಸ್ಪೆಸಿಮನ್ ಒಣಗಿಹೋಗಬಾರದು ಎಂಬ ಕಾಳಜಿ. ತಪ್ಪು ಅವರದ್ದಲ್ಲ, ನಾವು ಹೇಳಿರುವುದಿಲ್ಲ. ಖಾಲಿ ಸ್ವಚ್ಛ ಡಬ್ಬಿಯಲ್ಲಿ ಕೂಡಲೇ ಕಳಿಸಿದರೆ ಸಾಕು. ಫಾರ್ಮಲಿನ್ ಅಂತೂ ಬೇಡವೇ ಬೇಡ. ಬಂದ ಮೇಲೆ ಫಿಲ್ಟರ್ ಪೇಪರ್ ಮೇಲಿಟ್ಟು ಎಲ್ಲ ಕಡೆಯಿಂದ ತೇವ ಹೀರಿಸಿ. ಒತ್ತಬೇಡಿ, ಉಜ್ಜಬೇಡಿ. ಗಾಜ್ ಬಟ್ಟೆಯನ್ನು ನಾನು ಇದಕ್ಕೆ ಬಳಸುವುದಿಲ್ಲ. ಅದರ ಎಳೆ ಅಂಟಿಕೊಂಡು ಬ್ಲೇಡ್‌ಗೆ ಸಿಕ್ಕಿ ಸೆಕ್ಷನ್ ಉದ್ದಕ್ಕೂ ಗೀರು ಬೀಳುತ್ತದೆ. ಹೊಲಿಗೆಯ ದಾರ, ಸ್ಟೇಪಲ್ ಪಿನ್ ಇದ್ದರೆ ಡಾಕ್ಟರ್‌ಗೆ ತೋರಿಸಿ, ಗುರುತು ಇಂಕ್‌ನಲ್ಲಿ ಹಾಕಿಸಿಕೊಂಡು, ಆಮೇಲೆ ತೆಗೆಯಿರಿ.

ಚಳಿ ಬೇಗ ಹತ್ತಲು ಪೀಸ್ ತೆಳ್ಳಗಿರಬೇಕು. 3 ಮಿಲಿಮೀಟರ್ ಚೆನ್ನ, 5 ಆದರೆ ಕಡೆಯ ಮಿತಿ. ಇದು ಹೊಸ ಮಾತೇನಲ್ಲ. 1905ರ ಜನವರಿಯಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿಸ್ ವಿಲ್ಸನ್ ಈ ಕೆಲಸಕ್ಕೆ ಕೈ ಹಾಕಿದರು. ರೋಗಿ ಟೇಬಲ್ ಮೇಲಿರುವಾಗಲೇ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಲು ದಾರಿ ಹುಡುಕಿ ಎಂದು ಸರ್ಜನ್ ವಿಲಿಯಂ ಮೇಯೊ ಕೇಳಿದ್ದರು. ಮಿನ್ನೆಸೋಟದ ಚಳಿಗಾಲ. ವಿಲ್ಸನ್ ಟಿಶ್ಯೂವನ್ನು ಕಿಟಕಿಯ ಹೊರಗಿಟ್ಟು ಗಟ್ಟಿ ಮಾಡಿಕೊಂಡರು, ಮಿಥಿಲೀನ್ ಬ್ಲೂ ಎಂಬ ಬಣ್ಣ ಹಾಕಿ ನೋಡಿದರು. ಅದೇ ವರ್ಷ ಅವರು ಪ್ರಕಟಿಸಿದ ವಿಧಾನದಲ್ಲಿ ಪೀಸ್‌ನ ದಪ್ಪ 2 ಮಿಲಿಮೀಟರ್ ದಾಟಬಾರದು ಎಂದಿದೆ. ಸುತ್ತ ಡೆಕ್ಸ್‌ಟ್ರಿನ್ ಅಂಟು ಹಾಕಿ ಹೆಪ್ಪುಗಟ್ಟಿಸುತ್ತಿದ್ದರು. ಇಂದು ಆ ಅಂಟಿನ ಜಾಗದಲ್ಲಿ ಓಸಿಟಿ ಇದೆ. ದಪ್ಪದ ಲೆಕ್ಕ ಮಾತ್ರ ಹೆಚ್ಚು ಬದಲಾಗಿಲ್ಲ.

ಓಸಿಟಿ ಎಂದರೆ ಪಾಲಿವಿನೈಲ್ ಆಲ್ಕೋಹಾಲ್ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಸೇರಿದ, ನೀರಿನಲ್ಲಿ ಕರಗುವ ಗೋಂದು. ಇದು ಟಿಶ್ಯೂ ಒಳಗೆ ಇಳಿಯುವುದಿಲ್ಲ. ಸುತ್ತ ನಿಂತು ಆಸರೆ ಕೊಡುತ್ತದೆ ಅಷ್ಟೆ. ಪ್ಯಾರಾಫಿನ್ ಕೆಲಸದಿಂದ ಬಂದವರು ಇಲ್ಲೇ ಎಡವುತ್ತಾರೆ. ಮೇಣ ಟಿಶ್ಯೂವಿನ ಒಳಗೆಲ್ಲ ತುಂಬಿರುತ್ತದೆ. ಹಾಗಾಗಿ ಜಾಸ್ತಿ ಹಾಕಿದರೂ ನಷ್ಟವಿಲ್ಲ. ಓಸಿಟಿ ಜಾಸ್ತಿ ಹಾಕಿದರೆ ಅದು ಕಂಬಳಿಯ ಹಾಗೆ ಚಳಿಯನ್ನು ತಡೆಯುತ್ತದೆ. ಪೀಸ್ ನಿಧಾನವಾಗಿ ಹೆಪ್ಪುಗಟ್ಟಿ ಮತ್ತೆ ಅದೇ ತೂತು.

ಬಾಟಲಿಯನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸಿಡಿ. ಗುಳ್ಳೆಗಳು ಮೇಲೆ ಹೋಗಿರುತ್ತವೆ. ಮೊದಲ ತೊಟ್ಟನ್ನು ಪೇಪರ್ ಮೇಲೆ ಹಿಂಡಿ ಬಿಸಾಡಿ. ಪೀಸ್ ಪಕ್ಕದಲ್ಲಿ ಗುಳ್ಳೆ ಕಂಡರೆ ಸೂಜಿಯಿಂದ ಆಗಲೇ ಒಡೆಯಿರಿ. ಗಟ್ಟಿಯಾದ ಮೇಲೆ ಏನೂ ಮಾಡಲು ಆಗುವುದಿಲ್ಲ. ಸೆಕ್ಷನ್ ಅಲ್ಲೇ ಹರಿಯುತ್ತದೆ.

ಈಗ ಕೂರಿಸುವ ಆ ಗಳಿಗೆ. ಚಕ್ ಮೇಲೆ ಓಸಿಟಿಯನ್ನು 2-3 ಮಿಲಿಮೀಟರ್ ದಪ್ಪ ಹರಡಿ ಫ್ರೀಜಿಂಗ್ ಶೆಲ್ಫ್ ಮೇಲಿಡಿ. ಕಣ್ಣು ಅದರ ಮೇಲೇ ಇರಲಿ. ಗೋಂದು ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ಅಂಚು ಬಿಳಿಯಾಗಿ, ನಡುವೆ ಇನ್ನೂ ಗಾಜಿನಂತೆ ಹೊಳೆಯುತ್ತಿರುವಾಗ ಪೀಸ್ ಇಡಬೇಕು. ಪೂರ್ತಿ ನೀರಾಗಿರುವಾಗ ಇಟ್ಟರೆ ಅದು ಮುಳುಗಿ ವಾಲುತ್ತದೆ. ಲೋಹಕ್ಕೆ ತಾಗಿ ಕೂತರೆ ಕತ್ತರಿಸುತ್ತಾ ಹೋದಂತೆ ಬ್ಲೇಡ್‌ಗೆ ಚಕ್ ಸಿಗುವ ಭಯ. ಪೂರ್ತಿ ಬೆಳ್ಳಗಾದ ಮೇಲೆ ಇಟ್ಟರೆ ಪೀಸ್‌ಗೂ ತಳಕ್ಕೂ ಬೆಸುಗೆ ಆಗುವುದಿಲ್ಲ. ಒಣಗಿದ ಗೋಡೆಗೆ ನೀರು ಚಿಮುಕಿಸದೆ ಗಾರೆ ಹಾಕಿದರೆ ಪದರವಾಗಿ ಏಳುತ್ತದಲ್ಲ, ಹಾಗೆ. ಓಸಿಟಿಯ ತಳ ಚಕ್ ಮೇಲೇ ಉಳಿದು, ಪೀಸ್ ಮಾತ್ರ ಹಾರಿಹೋದರೆ ಕಾರಣ ಇದು. ತಳವೂ ಕಿತ್ತು ಬಂದರೆ ಮೇಲೆ ಹೇಳಿದ ಹಿಮದ ಪುಡಿ. ಮುಂದಿನ ಸಲ ಕಿತ್ತು ಬಂದಾಗ ಬರಿಗಣ್ಣಿನಲ್ಲೇ ನೋಡಿ, ಎಲ್ಲಿಂದ ಎದ್ದಿದೆ ಎಂದು. ಅದು ನೇರವಾಗಿ ಕಾರಣ ಹೇಳುತ್ತದೆ.

ಪೀಸ್ ಇಟ್ಟ ಮೇಲೆ ಅದು ಮುಚ್ಚುವಷ್ಟು ಮಾತ್ರ ಓಸಿಟಿ ಹಾಕಿ. ಸುತ್ತ 2-3 ಮಿಲಿಮೀಟರ್ ಅಂಚು ಬಿಡಿ. ಸೆಕ್ಷನ್ ಬಂದಾಗ ಬ್ರಷ್‌ನಿಂದ ಹಿಡಿಯಲು ಆ ಅಂಚು ಬೇಕು. ಆಮೇಲೆ ಹೀಟ್ ಎಕ್ಸ್‌ಟ್ರಾಕ್ಟರ್, ಅಂದರೆ ಆ ದಪ್ಪ ಲೋಹದ ಬಿಲ್ಲೆ. ಅದು ಮೊದಲೇ ಕ್ರಯೋಸ್ಟಾಟ್ ಒಳಗಿದ್ದು ಚೆನ್ನಾಗಿ ತಣಿದಿರಬೇಕು. ಇಲ್ಲದಿದ್ದರೆ ಪೀಸ್‌ಗೆ ಅಂಟಿಕೊಂಡು ಎತ್ತುವಾಗ ಅದನ್ನೂ ಎಳೆದುಕೊಂಡು ಬರುತ್ತದೆ. ಶೆಲ್ಫ್‌ನ ಚಳಿ ಕೆಳಗಿನಿಂದ ಹತ್ತುತ್ತದೆ, ಬಿಲ್ಲೆಯ ಚಳಿ ಮೇಲಿನಿಂದ ಇಳಿಯುತ್ತದೆ. ನಮಗೆ ಬೇಕಾದ ಮುಖ ಮೇಲಿನದು. ಅದೇ ಎಲ್ಲಕ್ಕಿಂತ ಬೇಗ ಗಟ್ಟಿಯಾಗಲಿ. ಬಿಲ್ಲೆಯನ್ನು ಒತ್ತಬೇಡಿ, ಸುಮ್ನೆ ಕೂರಿಸಿ. ತೆಗೆಯುವಾಗ ಸ್ವಲ್ಪ ತಿರುಗಿಸಿ ಬಿಡಿಸಿ.

ಒಂದು ಚಿಕ್ಕ ಎಚ್ಚರಿಕೆ. ಹೊಸ ಕ್ರಯೋಸ್ಟಾಟ್‌ಗಳ ಶೀಘ್ರ ಫ್ರೀಜಿಂಗ್ ಜಾಗ ಚೇಂಬರ್‌ಗಿಂತ ಬಹಳ ತಣ್ಣಗಿರುತ್ತದೆ. ಅಲ್ಲಿಂದ ಎತ್ತಿದ ಬ್ಲಾಕ್ ಅನ್ನು ಕೂಡಲೇ ಕತ್ತರಿಸಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಚೇಂಬರ್ ಟೆಂಪರೇಚರ್ ಬದಲಾಯಿಸಲು ಹೋಗಬೇಡಿ. ಬ್ಲಾಕ್‌ಗೆ ಸ್ವಲ್ಪ ಸಮಯ ಕೊಡಿ. ಅವಸರವಿದ್ದರೆ ಚಕ್ರ ಲಾಕ್ ಮಾಡಿ, ಬ್ಲೇಡ್ ಗಾರ್ಡ್ ಹಾಕಿ, ಗ್ಲೌಸ್ ಹಾಕಿದ ಹೆಬ್ಬೆರಳನ್ನು ಬ್ಲಾಕ್ ಮುಖದ ಮೇಲೆ ಕೆಲವು ಸೆಕೆಂಡು ಇಡಿ.

ದಿಕ್ಕಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ. ಉಳಿದ ತಪ್ಪುಗಳಿಂದ ಸ್ಲೈಡ್ ಕೆಡುತ್ತದೆ, ಡಾಕ್ಟರ್‌ಗೆ ಅದು ಕಾಣುತ್ತದೆ. ದಿಕ್ಕು ತಪ್ಪಿದರೆ ಸ್ಲೈಡ್ ಚೆಂದವೇ ಇರುತ್ತದೆ. ಅದು ಹೇಳುವ ಉತ್ತರ ಮಾತ್ರ ಬೇರೆ ಜಾಗದ್ದು.

ಸುಮಾರು 15 ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಲ್ಯಾಬ್‌ಗೆ ಪಿತ್ತನಾಳದ ಅಂಚು ಬಂತು. ಚಿಕ್ಕ ಉಂಗುರ, ಒಂದು ಮುಖಕ್ಕೆ ದಾರದ ಗುರುತು. ದಾರ ಇರುವ ಮುಖವೇ ರೋಗಿಯ ಒಳಗೆ ಉಳಿಯುವ ಕಡೆಯ ನಿಜವಾದ ಅಂಚು. ಇನ್ನೊಂದು ಮುಖ ಗಡ್ಡೆಯ ಕಡೆಯದು. ಅವಸರದಲ್ಲಿ ನಾನು ಅದನ್ನು ತಿರುಗಿಸಿ ಇಟ್ಟುಬಿಟ್ಟೆ. ಸೆಕ್ಷನ್‌ನಲ್ಲಿ ಕ್ಯಾನ್ಸರ್ ಕಂಡಿತು. ನಮ್ಮ ಡಾಕ್ಟರ್ ಫೋನ್ ಎತ್ತುವ ಮೊದಲು ಕೇಳಿದರು, "ಇದು ಯಾವ ಮುಖ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಲಾಕ್ ಬಿಡಿಸಿ, ತಿರುಗಿಸಿ ಕೂರಿಸಿ, ಮತ್ತೆ ಕತ್ತರಿಸಿದೆವು. ನಿಜವಾದ ಅಂಚಿನಲ್ಲಿ ರೋಗ ಇರಲಿಲ್ಲ. ಅವರು ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಸರ್ಜನ್ ಬೇಡದ ಇನ್ನೊಂದಿಷ್ಟು ನಾಳ ಕತ್ತರಿಸುತ್ತಿದ್ದರು. ಅಂದಿನಿಂದ ಪೀಸ್ ಕೈಗೆ ತೆಗೆದುಕೊಳ್ಳುವ ಮೊದಲು ಬಾಯಿಬಿಟ್ಟು ಕೇಳುತ್ತೇನೆ: "ಡಾಕ್ಟ್ರೇ, ಯಾವ ಮುಖ ಮೇಲೆ?" ಎಷ್ಟು ಗೊತ್ತಿದ್ದರೂ ಕೇಳುತ್ತೇನೆ. ನೀವೂ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿ ಹೇಳಬೇಕು. ಮೇಲೆ ಹೇಳಿದ ಕ್ರಮದಲ್ಲಿ ಮೇಲಿರುವ ಮುಖವೇ ಮೊದಲು ಕತ್ತರಿಸುವ ಮುಖ. ಕೆಲವು ಲ್ಯಾಬ್‌ಗಳಲ್ಲಿ ಲೋಹದ ಗುಂಡಿ ಇರುವ ಅಚ್ಚು ಬಳಸುತ್ತಾರೆ. ತಣ್ಣನೆಯ ಗುಂಡಿಯ ತಳಕ್ಕೆ ಪೀಸ್ ಇಟ್ಟು, ಮೇಲೆ ಓಸಿಟಿ ತುಂಬಿ, ಚಕ್ ಅನ್ನು ಬೋರಲು ಮುಚ್ಚುತ್ತಾರೆ. ಅಲ್ಲಿ ಕೆಳಗಿಟ್ಟ ಮುಖವೇ ಕತ್ತರಿಸುವ ಮುಖ, ನಿಮ್ಮ ಪ್ಯಾರಾಫಿನ್ ಎಂಬೆಡಿಂಗ್ ಹಾಗೆ. ಮುಖ ಸಮತಟ್ಟಾಗಿ ಬರುತ್ತದೆ, ಬೇಗ ಗಟ್ಟಿಯಾಗುತ್ತದೆ, ಒಳ್ಳೆಯ ವಿಧಾನವೇ. 4 ವರ್ಷ ಪ್ಯಾರಾಫಿನ್ ಮಾಡಿದ ನಿಮ್ಮ ಕೈ ಬೇಕಾದ ಮುಖವನ್ನು ತಾನಾಗಿ ಕೆಳಗೆ ಇಡುತ್ತದೆ. ಚಕ್ ಮೇಲೆ ನೇರ ಕೂರಿಸುವಾಗ ಅದು ಉಲ್ಟಾ ಆಗುತ್ತದೆ. ನಿಮ್ಮ ಡಾಕ್ಟರ್ ಎರಡು ಸಲ ಹೇಳಿದ್ದು ಇದೇ ಇರಬಹುದು ಎಂದು ನನ್ನ ಅನುಮಾನ. ಒಂದು ಲ್ಯಾಬ್‌ನಲ್ಲಿ ಒಂದೇ ವಿಧಾನ ಇರಲಿ.

ಮಕ್ಕಳ ಸರ್ಜರಿಯಿಂದ ಬರುವ ಕರುಳಿನ ಬಯಾಪ್ಸಿಗೆ ಇನ್ನೂ ಜಾಸ್ತಿ ಗಮನ ಬೇಕು. ಹಿರ್ಶ್‌ಸ್ಪ್ರಂಗ್ ಕಾಯಿಲೆ ಸುಮಾರು 5,000 ಹೆರಿಗೆಗೆ ಒಂದು ಮಗುವಿನಲ್ಲಿ ಕಾಣುತ್ತದೆ. ಕರುಳಿನ ಕೊನೆಯ ಭಾಗದಲ್ಲಿ ಗ್ಯಾಂಗ್ಲಿಯಾನ್ ಎಂಬ ನರಕೋಶಗಳು ಇರುವುದಿಲ್ಲ. ಎಲ್ಲಿಂದ ಅವು ಶುರುವಾಗುತ್ತವೆ ಎಂದು ಫ್ರೋಜನ್ ಹೇಳಬೇಕು. ಸರ್ಜನ್ ಕರುಳನ್ನು ಅಲ್ಲಿಂದ ಕೆಳಗೆ ಎಳೆದು ಜೋಡಿಸುತ್ತಾರೆ. ಈ ಕೋಶಗಳ ಮುಖ್ಯ ಸಾಲು ಎರಡು ಸ್ನಾಯು ಪದರಗಳ ನಡುವೆ ಇರುತ್ತದೆ. ಕಾಳಿನಷ್ಟು ಚಿಕ್ಕ ಪೀಸನ್ನು ಮಲಗಿಸಿ ಇಟ್ಟರೆ ಒಂದೇ ಪದರದ ಉದ್ದಕ್ಕೂ ಕತ್ತರಿಸುತ್ತಾ ಹೋಗುತ್ತೀರಿ. ಕೋಶಗಳು ಇದ್ದರೂ ಕಾಣುವುದಿಲ್ಲ. ಅದನ್ನು ಅಂಚಿನ ಮೇಲೆ ನಿಲ್ಲಿಸಬೇಕು, ಪುಸ್ತಕವನ್ನು ಕಪಾಟಿನಲ್ಲಿ ನಿಲ್ಲಿಸುವ ಹಾಗೆ. ಆಗ ಒಂದೇ ಸೆಕ್ಷನ್‌ನಲ್ಲಿ ಎರಡೂ ಪದರ, ನಡುವಿನ ಸಾಲು ಎಲ್ಲ ಬರುತ್ತದೆ. ಪೀಸ್ ನಿಲ್ಲದಿದ್ದರೆ ಫಾರ್ಸೆಪ್ಸ್ ತುದಿಯನ್ನು ಮೊದಲು ತಣ್ಣಗೆ ಮಾಡಿಕೊಂಡು ಅರ್ಧ ಬೆಳ್ಳಗಾದ ಓಸಿಟಿಯಲ್ಲಿ ಹಿಡಿದು ನಿಲ್ಲಿಸಿ. ಕೆಲವೇ ಸೆಕೆಂಡಿನಲ್ಲಿ ತಾನೇ ನಿಲ್ಲುತ್ತದೆ. ಚರ್ಮವನ್ನೂ, ಸಿಸ್ಟ್‌ನ ಗೋಡೆಯನ್ನೂ ಹೀಗೆಯೇ ನಿಲ್ಲಿಸುವುದು.

ಕೊಬ್ಬು. ಇದಕ್ಕೆ ಜಾದೂ ಇಲ್ಲ. ನೀರಿನ ಟಿಶ್ಯೂ ಚೆನ್ನಾಗಿ ಗಟ್ಟಿಯಾಗುವ ಮೈನಸ್ 20ರಲ್ಲಿ ಕೊಬ್ಬು ಇನ್ನೂ ಮೆತ್ತಗೇ ಇರುತ್ತದೆ. ಅದಕ್ಕೆ ಮೈನಸ್ 25ರಿಂದ 30 ಬೇಕು. ಅಷ್ಟು ಇಳಿಸಿದರೆ ಪಕ್ಕದ ಗಡ್ಡೆ ಬಿರುಕು ಬಿಡುತ್ತದೆ. ಹಾಗಾಗಿ ಗ್ರಾಸಿಂಗ್‌ನಲ್ಲೇ ಬೇಡದ ಕೊಬ್ಬನ್ನು ತೆಗೆಯಲು ಡಾಕ್ಟರ್‌ಗೆ ಕೇಳಿ. ಸ್ತನದ ಪೀಸ್‌ನಲ್ಲಿ, ರೋಗ ಹರಡಿದರೆ ಮೊದಲು ತಲುಪುವ ಸೆಂಟಿನೆಲ್ ನೋಡ್‌ನಲ್ಲಿ ಇದರಿಂದಲೇ ಅರ್ಧ ತೊಂದರೆ ಕಳೆಯುತ್ತದೆ. ಉಳಿದ ಕೊಬ್ಬು ಬ್ಲೇಡ್‌ಗೆ ಕೊನೆಯಲ್ಲಿ ಸಿಗುವಂತೆ ಚಕ್ ತಿರುಗಿಸಿ. ಮೊದಲೇ ಸಿಕ್ಕರೆ ಅದರ ಜಿಡ್ಡು ಬ್ಲೇಡ್ ಉದ್ದಕ್ಕೂ ಹರಡಿ ಒಳ್ಳೆಯ ಭಾಗವೂ ಕೆಡುತ್ತದೆ. ಸೆಕ್ಷನ್ ದಪ್ಪ 5 ಮೈಕ್ರಾನ್ ಆಗಲೇಬೇಕು ಎಂದು ಹಟ ಹಿಡಿಯಬೇಡಿ. 8, ಬೇಕಾದರೆ 10 ಮೈಕ್ರಾನ್‌ಗೆ ಹೋಗಿ. ನೋಡಬೇಕಾದ ಅಂಚು ಕೊಬ್ಬಿನಲ್ಲೇ ಇದ್ದರೆ ಮಾತ್ರ ಅದನ್ನು ಬಿಡುವಂತಿಲ್ಲ. ಆಗ ತಾಳ್ಮೆಯೇ ಗತಿ.

ಮಿದುಳು ಇದಕ್ಕೆ ತಿರುಗುಮುರುಗು. ತುಂಬ ಮೆತ್ತಗೆ, ನೀರು ಜಾಸ್ತಿ. ಐಸ್ ಹರಳು ಎಲ್ಲಕ್ಕಿಂತ ಬೇಗ ಕಾಡುವುದು ಇಲ್ಲಿ. ಬೇಗ ಹೆಪ್ಪುಗಟ್ಟಿಸಿ, ಆದರೆ ಕತ್ತರಿಸುವುದು ಮೈನಸ್ 12ರಿಂದ 16ರಲ್ಲಿ. ಒಂದು ಚೂರನ್ನು ಫ್ರೀಜ್ ಮಾಡದೆ, ಸ್ಲೈಡ್ ಮೇಲೆ ಸವರಿ ನೋಡುವ ಸ್ಮಿಯರ್‌ಗೆ ಕೊಡಿ.

ಸೂಜಿ ಬಯಾಪ್ಸಿ, ಚೂರು ಪಾರು ಬಂದರೆ ಕ್ರಮ ಸ್ವಲ್ಪ ಬೇರೆ. ಮೊದಲು ಬರೀ ಓಸಿಟಿಯ ತಳ ಮಾಡಿ, ಪೂರ್ತಿ ಗಟ್ಟಿ ಮಾಡಿ, ಬ್ಲೇಡ್‌ನಿಂದ ಒಮ್ಮೆ ಸಮ ಮಾಡಿಕೊಳ್ಳಿ. ಆ ಸಮತಟ್ಟಿನ ಮೇಲೆ ಓಸಿಟಿಯ ತೆಳು ಪದರ ಸವರಿ, ಅದು ಗಟ್ಟಿಯಾಗುವ ಮೊದಲೇ ಚೂರುಗಳನ್ನು ಒಂದೇ ಮಟ್ಟದಲ್ಲಿ ಹರಡಿ, ಮೇಲೆ ತುಸು ಓಸಿಟಿ, ಕೂಡಲೇ ಬಿಲ್ಲೆ. ಚಕ್‌ನ ಕೋನ ಬದಲಾಗಬಾರದು. ಹಾಗಿದ್ದರೆ ಎಲ್ಲ ಚೂರುಗಳೂ ಮೊದಲ ಸೆಕ್ಷನ್‌ಗಳಲ್ಲೇ ಒಟ್ಟಿಗೆ ಸಿಗುತ್ತವೆ. ಬಿಳಿ ಓಸಿಟಿಯಲ್ಲಿ ಬಿಳಿಚಿದ ಚೂರು ಕಾಣುವುದಿಲ್ಲ. ಅದಕ್ಕೆ ಇಯೋಸಿನ್ ಬಣ್ಣ ತುಸು ಮುಟ್ಟಿಸಿದರೆ ಗುಲಾಬಿ ಚುಕ್ಕೆಯಾಗಿ ಕಾಣುತ್ತದೆ. ಇಲ್ಲಿ ದಪ್ಪಗೆ ಟ್ರಿಮ್ ಮಾಡಬೇಡಿ. ಎರಡು ಸುತ್ತು ಹೆಚ್ಚು ತಿರುಗಿಸಿದರೆ ರೋಗಿಯ ಇಡೀ ಬಯಾಪ್ಸಿ ಕಸದ ಟ್ರೇ ಸೇರುತ್ತದೆ.

ನಿಮ್ಮ ಆಸ್ಪತ್ರೆಗೆ ಬರುತ್ತದೋ ಇಲ್ಲವೋ, ಸ್ನಾಯು ಬಯಾಪ್ಸಿಯ ಬಗ್ಗೆ ಒಂದು ಮಾತು ಗೊತ್ತಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದು ನಿತ್ಯದ ಕೆಲಸ. ಇದನ್ನು ಓಸಿಟಿಯಲ್ಲಿ ಮುಳುಗಿಸುವುದಿಲ್ಲ. ಕಾರ್ಕ್ ಬಿಲ್ಲೆಯ ಮೇಲೆ ಟ್ರಾಗಕಾಂತ್ ಗೋಂದು ಇಟ್ಟು, ಎಳೆಗಳು ಮೇಲ್ಮುಖವಾಗಿ ನಿಲ್ಲುವಂತೆ ಪೀಸ್ ನೆಡುತ್ತಾರೆ, ಬರೀ ಬುಡಕ್ಕೆ ಮಾತ್ರ ಗೋಂದು. ಆಮೇಲೆ ದ್ರವ ಸಾರಜನಕದಲ್ಲಿ ತಣಿಸಿದ ಐಸೊಪೆಂಟೇನ್‌ಗೆ ಅದ್ದುತ್ತಾರೆ. ನೇರವಾಗಿ ಸಾರಜನಕಕ್ಕೇ ಹಾಕಬಾರದೇಕೆ ಎಂದು ಹುಡುಗರು ಕೇಳುತ್ತಾರೆ. ಅದು ಮೈನಸ್ 196 ಡಿಗ್ರಿ ತಾನೆ? ಕಾದ ಕಾವಲಿಯ ಮೇಲೆ ನೀರಿನ ಹನಿ ಆವಿಯ ಮೇಲೆ ಓಡಾಡುವುದನ್ನು ನೋಡಿರುತ್ತೀರಿ. ಬೆಚ್ಚಗಿನ ಟಿಶ್ಯೂ ಸಾರಜನಕಕ್ಕೆ ಬಿದ್ದರೆ ಸುತ್ತ ಅದೇ ರೀತಿ ಆವಿಯ ಪದರ ಹುಟ್ಟಿ ಚಳಿಯನ್ನು ತಡೆಯುತ್ತದೆ. ಐಸೊಪೆಂಟೇನ್ ಹಾಗೆ ಕುದಿಯುವುದಿಲ್ಲ, ಪೀಸ್‌ಗೆ ಅಂಟಿಯೇ ಚಳಿ ಕೊಡುತ್ತದೆ. ಆದರೆ ಅದರ ಕುದಿಬಿಂದು ಸುಮಾರು 28 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳಿನಲ್ಲಿ ಬಾಟಲಿ ಹೊರಗಿದ್ದರೆ ತಾನಾಗಿ ಕುದಿಯುತ್ತದೆ, ಬೆಂಕಿಯೂ ಬೇಗ ಹತ್ತುತ್ತದೆ. ಫ್ಯೂಮ್ ಹುಡ್ ಇಲ್ಲದ ಕಡೆ ಇದಕ್ಕೆ ಕೈ ಹಾಕಬೇಡಿ.

ಕೈಯ ರಕ್ಷಣೆ ಬಗ್ಗೆ. ಫ್ರೀಜ್ ಮಾಡಿದರೆ ರೋಗಾಣು ಸಾಯುವುದಿಲ್ಲ. ನಮ್ಮ ದೇಶದಲ್ಲಿ ಕುತ್ತಿಗೆಯ ಗಂಟು ಎಂದರೆ ಟಿಬಿ ಇರಬಹುದು ಎಂದೇ ಹೊರಡಬೇಕು. ಬೇಗ ಗಟ್ಟಿಯಾಗಲಿ ಎಂದು ಸ್ಪ್ರೇ ಡಬ್ಬಿಯಿಂದ ಬ್ಲಾಕ್ ಮೇಲೆ ಊದುವವರಿದ್ದಾರೆ. ಅದರ ರಭಸಕ್ಕೆ ಟಿಶ್ಯೂವಿನ ಸೂಕ್ಷ್ಮ ಕಣಗಳು ಗಾಳಿಗೆ ಹಾರುತ್ತವೆ, ನಮ್ಮ ಮೂಗಿಗೇ ಬರುತ್ತವೆ. ದಯವಿಟ್ಟು ಬೇಡ. ಬಿಲ್ಲೆ ಇದ್ದರೆ ಸ್ಪ್ರೇ ಬೇಕಿಲ್ಲ. ಚಕ್ ಹಾಕುವಾಗ, ತೆಗೆಯುವಾಗ ಪ್ರತಿ ಸಲವೂ ಚಕ್ರ ಲಾಕ್, ಬ್ಲೇಡ್ ಗಾರ್ಡ್. ನನಗೆ ಗೊತ್ತಿರುವ ಕ್ರಯೋಸ್ಟಾಟ್ ಗಾಯಗಳಲ್ಲಿ ಹೆಚ್ಚಿನವು ಆದದ್ದು ಕತ್ತರಿಸುವಾಗ ಅಲ್ಲ, ಚಕ್ ಬದಲಾಯಿಸುವಾಗ.

ಅಭ್ಯಾಸಕ್ಕೆ ರೋಗಿಯ ಪೀಸ್ ಕಾಯಬೇಡಿ. ಅಂಗಡಿಯಿಂದ ಕೋಳಿಯ ಲಿವರ್, ಕುರಿಯ ಕಿಡ್ನಿ, ಚರ್ಮ ಸಮೇತ ಕೋಳಿ ಮಾಂಸ ತನ್ನಿ. ಲಿವರ್‌ನಲ್ಲಿ ಐಸ್ ತೂತು ಕಲಿಯಬಹುದು. ಬೇಕೆಂದೇ ಒಂದು ತುಂಡನ್ನು ನೀರಿನಲ್ಲಿ ನೆನೆಸಿ, ಇನ್ನೊಂದನ್ನು ಒಣಗಿಸಿ, ಎರಡಕ್ಕೂ ಮಾಮೂಲಿ ಎಚ್ ಅಂಡ್ ಇ ಬಣ್ಣ ಹಾಕಿ ಪಕ್ಕಪಕ್ಕ ನೋಡಿ. ಕೋಳಿಯ ಚರ್ಮದಲ್ಲಿ ಕೊಬ್ಬೂ ಇದೆ, ನಿಲ್ಲಿಸುವ ಅಭ್ಯಾಸವೂ ಆಗುತ್ತದೆ. ಡಾಕ್ಟರ್‌ಗೆ ಸ್ಲೈಡ್ ತೋರಿಸಿ ಬೈಸಿಕೊಳ್ಳಿ. ಅಲ್ಲಿ ಬೈಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಆದರೆ ಆ ಮಾಂಸದ ಚೂರು ಒಂದೂ ಕ್ರಯೋಸ್ಟಾಟ್‌ನಲ್ಲಿ ಉಳಿಯದಂತೆ ಒರೆಸಿ. ರೋಗಿಯ ಸ್ಲೈಡ್ ಮೇಲೆ ಬಂದು ಕೂತರೆ ದೊಡ್ಡ ಗೊಂದಲ.

ಇನ್ನು ಉಳಿದ ಬ್ಲಾಕ್. ಡಾಕ್ಟರ್ ಉತ್ತರ ಕೊಟ್ಟು, ಇನ್ನು ಕತ್ತರಿಸುವುದು ಬೇಡ ಎಂದ ಮೇಲೆ ಅದನ್ನು ಚಕ್‌ನಿಂದ ಬಿಡಿಸಿ ನೇರ ಫಾರ್ಮಲಿನ್‌ಗೆ ಹಾಕಿ. ಓಸಿಟಿ ನೀರಿನಲ್ಲಿ ಕರಗುವ ಗೋಂದಾದ್ದರಿಂದ ಅಲ್ಲಿ ತಾನೇ ಕರಗಿ ಹೋಗುತ್ತದೆ. ಚಿಕ್ಕ ಚೂರಾದರೆ ತೆಳು ಕಾಗದದಲ್ಲಿ ಸುತ್ತಿ ಕ್ಯಾಸೆಟ್‌ಗೆ ಹಾಕಿ. ಕ್ಯಾಸೆಟ್ ಮೇಲೆ ರೋಗಿಯ ನಂಬರ್ ಜೊತೆಗೆ "ಫ್ರೋಜನ್ ಉಳಿಕೆ" ಎಂದು ಬೇರೆಯಾಗಿ ಬರೆಯಿರಿ, ಫ್ರೀಜ್ ಮಾಡದ ಪೀಸ್ ಜೊತೆ ಸೇರಿಸಬೇಡಿ. ಮರುದಿನ ಡಾಕ್ಟರ್ ಈ ಪ್ಯಾರಾಫಿನ್ ಸ್ಲೈಡನ್ನೂ ನಿಮ್ಮ ಫ್ರೋಜನ್ ಸ್ಲೈಡನ್ನೂ ಹೋಲಿಸಿ ನೋಡುತ್ತಾರೆ. ಆಗ ನೀವೂ ಪಕ್ಕದಲ್ಲಿ ನಿಂತು ನೋಡಲು ಕೇಳಿಕೊಳ್ಳಿ.